ಮೂಲ ಒಂದೆಡೆ, ಕತ್ತರಿ ಇನ್ನೊಂದೆಡೆ

ಕ್ಯಾಮೆರಾ ನಿಂತ ಮೇಲೆ ಶುರುವಾಗುವ ಕೆಲಸಗಳ ಸಾಲು ದೊಡ್ಡದು. ರಷಸ್ ವಿಂಗಡಣೆ, ಸಂಕಲನ, ಡಬ್ಬಿಂಗ್, ಗ್ರಾಫಿಕ್ಸ್, ಹಿನ್ನೆಲೆ ಸಂಗೀತ, ಬಣ್ಣ ಹೊಂದಿಸುವ ಡಿಐ, ಶಬ್ದಗಳ ಮಿಕ್ಸಿಂಗ್, ಕೊನೆಗೆ ತೆರೆಗೋ ಟಿವಿಗೋ ಮೊಬೈಲಿಗೋ ಬೇಕಾದ ಅಳತೆಯ ಫೈಲ್. ಒಂದೊಂದಕ್ಕೂ ಬೇರೆ ಬೇರೆ ಕಸುಬುದಾರರು. ಮೈಸೂರಿನಂಥ ಊರಿನಲ್ಲಿ ಅವರೆಲ್ಲ ಒಂದೇ ಸೂರಿನಡಿ ಸಿಗುವುದು ಅಪರೂಪ. ಅರಮನೆ, ಲಲಿತಮಹಲ್, ಮೇಲುಕೋಟೆ, ಶ್ರೀರಂಗಪಟ್ಟಣದ ಬಳಿಯ ಮಹದೇವಪುರದಲ್ಲಿ ಚಿತ್ರೀಕರಣ ಮುಗಿಸಿದ ತಂಡದ ಸಂಕಲನಕಾರ ಬೆಂಗಳೂರಿನಲ್ಲಿರಬಹುದು, ಗ್ರಾಫಿಕ್ಸ್ ಹೈದರಾಬಾದಿನಲ್ಲಿ ಆಗಬಹುದು, ಮಿಕ್ಸಿಂಗ್ ಚೆನ್ನೈಗೆ ಹೋಗಬಹುದು. ಹೀಗಾಗಿ ಸಂಕಲನದಷ್ಟೇ ತಲೆನೋವು ಸಾಗಣೆಯದ್ದು: ಯಾವ ಫೈಲ್ ಎಲ್ಲಿದೆ, ಯಾರ ಬಳಿ ಇರುವುದು ಹೊಸದು, ನಿರ್ದೇಶಕರು ಒಪ್ಪಿದ್ದು ಯಾವುದನ್ನು.

ಈ ತೊಡಕು ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಡಿ. ಶಂಕರ್‌ಸಿಂಗ್ ಮತ್ತು ಬಿ. ವಿಠಲಾಚಾರ್ಯರು 1940ರ ದಶಕದಲ್ಲಿ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ನವಜ್ಯೋತಿ ಸ್ಟುಡಿಯೊ ಇದ್ದದ್ದೂ ಈ ಊರಿನಲ್ಲೇ. 1950ರ ದಶಕದಲ್ಲಿ ಎಂ.ಎನ್. ಬಸವರಾಜಯ್ಯನವರ ಪ್ರೀಮಿಯರ್ ಸ್ಟುಡಿಯೊ ತಲೆಯೆತ್ತಿತು. ಚಿತ್ರೀಕರಣಕ್ಕೆ ಫ್ಲೋರುಗಳೇನೋ ಇಲ್ಲಿದ್ದವು, ಬಣ್ಣದ ಫಿಲ್ಮು ತೊಳೆಯಲು ಮಾತ್ರ ಮದರಾಸಿನ ಜೆಮಿನಿ, ಪ್ರಸಾದ್‌ನಂಥ ಲ್ಯಾಬ್‌ಗಳಿಗೆ ಹೋಗಬೇಕಿತ್ತು. ಚಿತ್ರ ಹುಟ್ಟುವ ಊರಿಗೂ ಅದು ರೂಪು ತಳೆಯುವ ಊರಿಗೂ ಒಂದು ರಾತ್ರಿಯ ರೈಲು ಪ್ರಯಾಣದ ಅಂತರ.

ಆ ಅಂತರವನ್ನು ಫಿಲ್ಮಿನ ಕಾಲದವರು ನಿಭಾಯಿಸಿದ ಕ್ರಮ ಇವತ್ತಿಗೂ ಕಲಿಯತಕ್ಕದ್ದು. ಕ್ಯಾಮೆರಾದಲ್ಲಿ ಓಡಿದ ನೆಗೆಟಿವ್ ಒಂದೇ ಒಂದು ಇರುತ್ತಿತ್ತು. ಅದರ ಮೇಲೆ ಗೀರು ಬಿದ್ದರೆ ಆ ಗೀರು ಎಲ್ಲ ಪ್ರಿಂಟುಗಳಲ್ಲೂ ಮೂಡುತ್ತಿತ್ತು. ಆದ್ದರಿಂದ ಲ್ಯಾಬ್ ಅದನ್ನು ತೊಳೆದು, ಅದರಿಂದ ಒಂದು ಅಗ್ಗದ ರಷ್ ಪ್ರಿಂಟ್ ತೆಗೆದು, ಮೂಲವನ್ನು ಜೋಪಾನವಾಗಿ ಎತ್ತಿಡುತ್ತಿತ್ತು. ಸಂಕಲನಕಾರ ಕತ್ತರಿಸಿದ್ದು, ಅಂಟಿಸಿದ್ದು, ಪೆನ್ಸಿಲಿನಲ್ಲಿ ಗುರುತು ಹಾಕಿದ್ದು, ಬೇಡವೆಂದು ಬಿಚ್ಚಿ ಮತ್ತೆ ಜೋಡಿಸಿದ್ದು ಎಲ್ಲವೂ ಈ ರಷ್ ಪ್ರಿಂಟಿನ ಮೇಲೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 90 ಅಡಿ, 1000 ಅಡಿಯ ರೋಲು ಹನ್ನೊಂದು ನಿಮಿಷಕ್ಕೆ ಖಾಲಿ. ಫಿಲ್ಮಿನ ಅಂಚಿನಲ್ಲಿ ಅಡಿಗೊಂದರಂತೆ ತಯಾರಕರೇ ಅಚ್ಚು ಮಾಡಿದ ಸಂಖ್ಯೆ ಇರುತ್ತಿತ್ತು, ರಷ್ ಪ್ರಿಂಟಿಗೂ ಅದು ಇಳಿಯುತ್ತಿತ್ತು. ಸಂಕಲನ ಮುಗಿದ ಮೇಲೆ ನೆಗೆಟಿವ್ ಕಟ್ಟರ್ ಆ ಸಂಖ್ಯೆಗಳನ್ನು ನೋಡಿಕೊಂಡು ಮೂಲವನ್ನು ಒಂದೇ ಸಲ, ಕೈಗೆ ಹತ್ತಿಯ ಗವಸು ತೊಟ್ಟು ಕತ್ತರಿಸುತ್ತಿದ್ದ.

ಮೂಲ ಕದಲುವುದಿಲ್ಲ, ನಕಲಿನ ಮೇಲೆ ಕೆಲಸ ನಡೆಯುತ್ತದೆ, ಎರಡನ್ನೂ ಒಂದು ಸಂಖ್ಯೆ ಬೆಸೆಯುತ್ತದೆ. ವ್ಯವಸ್ಥೆಯ ಸಾರ ಇಷ್ಟೇ. ಇಂದು ಜಾಹೀರಾತುಗಳಲ್ಲಿ ಕ್ರಾಂತಿಯೆಂದು ಸಾರಲಾಗುವ ಎಷ್ಟೋ ಸೌಲಭ್ಯಗಳ ಒಳಗಿರುವುದು ಇದೇ ಹಳೆಯ ಏರ್ಪಾಡು. ವ್ಯತ್ಯಾಸವೆಂದರೆ, ಅಂದು ಫಿಲ್ಮು ದುಬಾರಿಯಾಗಿದ್ದರಿಂದ ಶಿಸ್ತು ತಾನಾಗಿ ಬರುತ್ತಿತ್ತು. ಇಂದು ನಕಲಿಗೆ ಕಾಸಿಲ್ಲ, ಹಾಗಾಗಿ ಒಂದೇ ಚಿತ್ರದ ಹದಿನೈದು ನಕಲುಗಳು ಹತ್ತು ಡಿಸ್ಕುಗಳಲ್ಲಿ ಅನಾಥವಾಗಿ ಬಿದ್ದಿರುತ್ತವೆ.

ಇತ್ತ ಮೈಸೂರಿನಲ್ಲಿ, 1989ರ ಫೆಬ್ರುವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಪ್ರೀಮಿಯರ್ ಸ್ಟುಡಿಯೊದಲ್ಲಿ ಹೊತ್ತಿದ ಬೆಂಕಿಗೆ 62 ಮಂದಿ ಬಲಿಯಾದರು. ಸ್ಟುಡಿಯೊ ಹಿಂದಿನ ಕಳೆಗೆ ಮರಳಲಿಲ್ಲ. ಮೈಸೂರು ಹೊರಾಂಗಣ ಚಿತ್ರೀಕರಣದ ಊರಾಗಿ ಉಳಿಯಿತು. ನಂಜನಗೂಡು ತಾಲ್ಲೂಕಿನ ಹಿಮ್ಮಾವಿನಲ್ಲಿ ಚಿತ್ರನಗರಿ ಕಟ್ಟುವ ಸರ್ಕಾರದ ಯೋಜನೆಯ ಮಾತು ಆಗಾಗ ಕೇಳಿಬರುತ್ತದೆ. ಅದು ಎದ್ದು ನಿಂತರೂ ಎಲ್ಲ ಕಸುಬುದಾರರೂ ಬಂದು ಅಲ್ಲೇ ನೆಲೆಸುತ್ತಾರೆಂದು ನಂಬಲು ಕಾರಣವಿಲ್ಲ. ದೂರದಿಂದ ಕೂಡಿ ದುಡಿಯುವ ಕ್ರಮ ಆಗಲೂ ಬೇಕಾಗುತ್ತದೆ.

ಫಿಲ್ಮಿಗೂ ಫೈಲಿಗೂ ನಡುವೆ ಟೇಪಿನ ಕಾಲವೊಂದು ಬಂದುಹೋಯಿತು. ಟೇಪಿಗೆ ಅಂಚಿನ ಸಂಖ್ಯೆ ಇರಲಿಲ್ಲ, ಅದರ ಜಾಗಕ್ಕೆ ಟೈಮ್‌ಕೋಡ್ ಬಂತು: ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಎಂಬ ನಾಲ್ಕು ಜೋಡಿ ಅಂಕಿಗಳು. ಸಂಕಲನದ ನಿರ್ಧಾರಗಳೆಲ್ಲ ಇಡಿಎಲ್ ಎಂಬ ಚಿಕ್ಕದೊಂದು ಪಠ್ಯ ಕಡತದಲ್ಲಿ ಅಡಕವಾಗತೊಡಗಿದವು. ಯಾವ ಟೇಪು, ಎಲ್ಲಿಂದ ಎಲ್ಲಿಗೆ, ಯಾವ ಕ್ರಮದಲ್ಲಿ ಎಂಬುದಷ್ಟೇ ಅದರಲ್ಲಿ. ಇಂದಿನ ಪ್ರಾಜೆಕ್ಟ್ ಫೈಲ್ ಅದರ ಮೊಮ್ಮಗು. ಎರಡು ಗಂಟೆಯ ಚಿತ್ರದ ಇಡೀ ಸಂಕಲನ ಕೆಲವೇ ಎಂಬಿಗಳ ಫೈಲಿನಲ್ಲಿ ಕೂರುತ್ತದೆ, ಏಕೆಂದರೆ ಅದರೊಳಗೆ ಚಿತ್ರವೇ ಇಲ್ಲ, ಇರುವುದು ಬರೀ ವಿಳಾಸಗಳು.

ಭಾರ ಇರುವುದು ಚಿತ್ರಕ್ಕೆ. 4ಕೆ ಅಳತೆಯ ಯುಎಚ್‌ಡಿ ಚಿತ್ರವನ್ನು ಪ್ರೊರೆಸ್ 422 ಎಚ್‌ಕ್ಯೂ ಮಾದರಿಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ ದಾಖಲಿಸಿದರೆ ಸೆಕೆಂಡಿಗೆ ಸುಮಾರು 737 ಮೆಗಾಬಿಟ್, ಅಂದರೆ ಗಂಟೆಗೆ ಸರಿಸುಮಾರು 330 ಜಿಬಿ. ಹತ್ತು ಗಂಟೆಯ ಫೂಟೇಜ್ 3.3 ಟಿಬಿ. ಮನೆ, ಕಚೇರಿಗಳಿಗೆ ಬರುವ 100 ಎಂಬಿಪಿಎಸ್ ಫೈಬರ್ ಸಂಪರ್ಕದ ಅಪ್‌ಲೋಡ್ ಪೂರ್ತಿ ವೇಗದಲ್ಲಿ ಎಡೆಬಿಡದೆ ಓಡಿದರೂ ಇದನ್ನು ಕಳಿಸಲು 73 ಗಂಟೆಗೂ ಹೆಚ್ಚು ಬೇಕು. ಮೈಸೂರಿನಿಂದ ಚೆನ್ನೈಗೆ 2022ರ ನವೆಂಬರಿನಲ್ಲಿ ಶುರುವಾದ ವಂದೇ ಭಾರತ್ ಆರೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಹಾರ್ಡ್ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದ ಸಹಾಯಕ ಇಂಟರ್ನೆಟ್ಟಿಗಿಂತ ಹತ್ತು ಪಟ್ಟು ಬೇಗ ಮುಟ್ಟುತ್ತಾನೆ. ಮೂಲ ಫೂಟೇಜನ್ನು ಕ್ಲೌಡಿಗೆ ಏರಿಸಿ ಎಲ್ಲರೂ ಅಲ್ಲಿಂದಲೇ ಕೆಲಸ ಮಾಡೋಣವೆಂಬ ಸಲಹೆ ಕೇಳಲು ಚೆಂದ, ಆದರೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ರಷ್ ಪ್ರಿಂಟು ಪ್ರಾಕ್ಸಿಯ ರೂಪದಲ್ಲಿ ಮತ್ತೆ ಬಂದಿದೆ. ಅದೇ ಹತ್ತು ಗಂಟೆಯ ಚಿತ್ರವನ್ನು ಸೆಕೆಂಡಿಗೆ 8 ಮೆಗಾಬಿಟ್ಟಿನ ಎಚ್.264 ನಕಲಾಗಿ ಇಳಿಸಿದರೆ ಒಟ್ಟು 36 ಜಿಬಿ. ಹಿಂದಿನದೇ ಸಂಪರ್ಕದಲ್ಲಿ ಒಂದು ಗಂಟೆಯೊಳಗೆ ಹೋಗಿ ಸೇರುತ್ತದೆ. ಹೆಸರು, ಟೈಮ್‌ಕೋಡ್, ಫ್ರೇಮ್ ದರ ಮೂರೂ ಮೂಲದಂತೆಯೇ ಇದ್ದರೆ ಸಂಕಲನಕಾರ ಧಾರವಾಡದಲ್ಲಿ ಕೂತು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಕತ್ತರಿಸಬಹುದು. ಮುಗಿದ ಮೇಲೆ ಅವರು ವಾಪಸ್ ಕಳಿಸಬೇಕಾದದ್ದು ಪ್ರಾಜೆಕ್ಟ್ ಫೈಲ್ ಮಾತ್ರ. ಮೂಲವಿರುವ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಪ್ರಾಕ್ಸಿಯ ಜಾಗಕ್ಕೆ ಮೂಲವನ್ನು ಜೋಡಿಸುವುದೇ ಇಂದಿನ ನೆಗೆಟಿವ್ ಕಟಿಂಗ್. ಕಸುಬಿನವರು ಇದನ್ನು ಕನ್ಫಾರ್ಮ್ ಎನ್ನುತ್ತಾರೆ.

ಎಡವಟ್ಟಾಗುವುದು ಈ ಜೋಡಣೆಯಲ್ಲೇ, ಮತ್ತು ಅದರ ಬೀಜ ಚಿತ್ರೀಕರಣದ ದಿನವೇ ಬಿದ್ದಿರುತ್ತದೆ. ಸೋನಿ ಕ್ಯಾಮೆರಾಗಳ ಒಂದು ಸಾಲು ಕ್ಲಿಪ್ಪುಗಳಿಗೆ ಸಿ0001, ಸಿ0002 ಎಂದು ಹೆಸರಿಡುತ್ತದೆ. ಕಾರ್ಡ್ ಫಾರ್ಮ್ಯಾಟ್ ಆದಾಗ ಎಣಿಕೆ ಮತ್ತೆ ಒಂದರಿಂದ ಶುರುವಾಗುವಂತೆ ಇಟ್ಟಿದ್ದರೆ, ಮುಹೂರ್ತದ ದಿನದ ಮೊದಲ ಶಾಟಿಗೂ ಕ್ಲೈಮ್ಯಾಕ್ಸಿನ ಮೊದಲ ಶಾಟಿಗೂ ಒಂದೇ ಹೆಸರು. ಸಾಫ್ಟ್‌ವೇರಿಗೆ ಭಾವನೆಗಳಿಲ್ಲ, ಹೆಸರು ಹೊಂದಿದರೆ ಸಾಕು, ಅಳುವ ತಾಯಿಯ ಜಾಗಕ್ಕೆ ಗೋಪುರವನ್ನು ತಂದು ಕೂರಿಸುತ್ತದೆ. ಪರಿಹಾರ ಸರಳ, ಕಾಸೂ ಬೇಡ. ಕಾರ್ಡಿನಿಂದ ಇಳಿಸುವಾಗಲೇ ದಿನ, ಕ್ಯಾಮೆರಾ, ಕಾರ್ಡು ಮೂರನ್ನೂ ಸೇರಿಸಿದ ಹೆಸರಿನ ಫೋಲ್ಡರ್ ಮಾಡುವುದು. ಕ್ಯಾಮೆರಾದಲ್ಲೇ ಕ್ಲಿಪ್ಪಿನ ಹೆಸರಿಗೆ ಪೂರ್ವಪದ ಸೇರಿಸುವ ಸೌಲಭ್ಯವಿದ್ದರೆ ಬಳಸುವುದು. ಪ್ರಾಕ್ಸಿ ಮಾಡಿದ ಮೇಲೆ ಯಾವ ಕಾರಣಕ್ಕೂ ಮೂಲದ ಹೆಸರು ಬದಲಿಸದಿರುವುದು. ಫೈಲ್, ಫೋಲ್ಡರುಗಳ ಹೆಸರನ್ನು ರೋಮನ್ ಅಕ್ಷರ, ಅಂಕಿ, ಅಡಿಗೆರೆಗಳಲ್ಲೇ ಇಡುವುದು ಕ್ಷೇಮ. ಕನ್ನಡಾಭಿಮಾನಕ್ಕೆ ಇದು ಜಾಗವಲ್ಲ, ಹಳೆಯ ಸಾಫ್ಟ್‌ವೇರುಗಳು ಬೇರೆ ಲಿಪಿಯ ಹೆಸರು ಕಂಡರೆ ತಡವರಿಸುತ್ತವೆ.

ಇಳಿಸುವ ಕ್ರಮಕ್ಕೂ ಒಂದು ಕಟ್ಟುನಿಟ್ಟು ಬೇಕು. ಕಾರ್ಡಿನಿಂದ ಒಂದೇ ಡಿಸ್ಕಿಗೆ ಎಳೆದುಹಾಕಿ ಕಾರ್ಡನ್ನು ಅಳಿಸುವುದು ಜೂಜು. ಎರಡು ಡಿಸ್ಕಿಗೆ ಒಟ್ಟಿಗೆ ಇಳಿಸಿ, ಚೆಕ್‌ಸಮ್ ಎಂಬ ಲೆಕ್ಕದಿಂದ ಮೂಲವೂ ನಕಲೂ ಬಿಟ್ ಬಿಟ್ಟಿಗೆ ಒಂದೇ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಕಾರ್ಡು ಮತ್ತೆ ಕ್ಯಾಮೆರಾಕ್ಕೆ ಹೋಗಬೇಕು. ಈ ಕೆಲಸ ಮಾಡಿಕೊಡುವ ಸೌಲಭ್ಯ ಉಚಿತವಾಗಿ ಸಿಗುವ ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದಲ್ಲೂ ಇದೆ. ಆ ಎರಡು ಡಿಸ್ಕುಗಳು ಒಂದೇ ಕಾರಿನಲ್ಲಿ ಪ್ರಯಾಣ ಮಾಡಬಾರದು. ಒಂದು ನಿರ್ಮಾಪಕರ ಕಚೇರಿಯಲ್ಲಿ, ಇನ್ನೊಂದು ಕೆಲಸ ನಡೆಯುವ ಜಾಗದಲ್ಲಿ, ಸಾಧ್ಯವಾದರೆ ಮೂರನೆಯದು ಬೇರೆ ಊರಿನಲ್ಲಿ.

ಮೈಸೂರಿನಲ್ಲಿ ಈ ಕಸುಬಿನ ಗಣನೀಯ ಭಾಗ ಸಿನಿಮಾದ್ದಲ್ಲ. ಮದುವೆ ವಿಡಿಯೊಗಳದ್ದು, ಪಾಠದ ವಿಡಿಯೊಗಳದ್ದು. ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಶೈಕ್ಷಣಿಕ ಬಹುಮಾಧ್ಯಮ ಸಂಶೋಧನಾ ಕೇಂದ್ರ, ಅಂದರೆ ಇಎಂಎಂಆರ್‌ಸಿ, ದೂರದಿಂದ ಕೂಡಿ ಮಾಡುವ ಕೆಲಸಕ್ಕೆ ಊರಿನಲ್ಲೇ ಇರುವ ಒಳ್ಳೆಯ ಉದಾಹರಣೆ. 1984ರ ಆಗಸ್ಟ್ 15ರಂದು ಯುಜಿಸಿ ದೂರದರ್ಶನದಲ್ಲಿ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಆರಂಭಿಸಿತು. 1993ರಲ್ಲಿ ದೆಹಲಿಯಲ್ಲಿ ಶೈಕ್ಷಣಿಕ ಸಂವಹನ ಒಕ್ಕೂಟ, ಸಿಇಸಿ, ರೂಪುಗೊಂಡಿತು. ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಹರಡಿರುವ ಮಾಧ್ಯಮ ಕೇಂದ್ರಗಳು ಈ ಒಕ್ಕೂಟದ ಜಾಲಕ್ಕೆ ಸೇರಿವೆ. 2017ರಲ್ಲಿ ಬಂದ ಸ್ವಯಂ ವೇದಿಕೆಯಲ್ಲಿ ಪದವಿ ಮಟ್ಟದ ಪಾಠಗಳ ಹೊಣೆ ಸಿಇಸಿಯದು. ಸ್ವಯಂನ ಒಂದು ಪಾಠವೆಂದರೆ ವಿಡಿಯೊ, ಪಠ್ಯ, ಚರ್ಚೆ, ಸ್ವಮೌಲ್ಯಮಾಪನ ಎಂಬ ನಾಲ್ಕು ಭಾಗಗಳು. ವಿಷಯ ಬರೆಯುವ ಅಧ್ಯಾಪಕರು ಒಂದು ಊರಿನವರು, ಪರಿಶೀಲಿಸುವವರು ಇನ್ನೊಂದು ಊರಿನವರು, ಚಿತ್ರೀಕರಣ ಮತ್ತು ಸಂಕಲನ ಕೇಂದ್ರದಲ್ಲಿ.

ಇಂಥ ಕೆಲಸದ ಸ್ವಭಾವ ಸಿನಿಮಾಕ್ಕಿಂತ ಬೇರೆ. ಚಿತ್ರ ಒಂದೇ, ಅದಕ್ಕೆ ತಿಂಗಳುಗಟ್ಟಲೆ ಸಮಯ. ಪಾಠಗಳಾದರೆ ಹತ್ತಾರು, ಎಲ್ಲಕ್ಕೂ ಒಂದೇ ಚೌಕಟ್ಟು. ಶೀರ್ಷಿಕೆ, ಅಧ್ಯಾಪಕರ ಹೆಸರಿನ ಪಟ್ಟಿ, ಸ್ಲೈಡು, ಮುಕ್ತಾಯ ಎಲ್ಲವನ್ನೂ ಒಮ್ಮೆ ಮಾದರಿ ಪ್ರಾಜೆಕ್ಟಾಗಿ ಕೂರಿಸಿಟ್ಟರೆ ಪ್ರತಿ ಪಾಠಕ್ಕೂ ಹೊಸದಾಗಿ ಕಟ್ಟುವುದು ತಪ್ಪುತ್ತದೆ. ಇಲ್ಲಿ ಸಮಯ ತಿನ್ನುವುದು ವಿಷಯದ ತಿದ್ದುಪಡಿ: ಸಮೀಕರಣದಲ್ಲಿ ಒಂದು ಚಿಹ್ನೆ ತಪ್ಪಿದ್ದರೆ ಇಡೀ ಭಾಗ ಮತ್ತೆ ರೆಂಡರ್. ಹಾಗಾಗಿ ಸ್ಲೈಡುಗಳಿಗೆ ಚಿತ್ರೀಕರಣದ ಮೊದಲೇ ಒಪ್ಪಿಗೆ ಪಡೆಯುವುದು ಯಾವ ಸಾಫ್ಟ್‌ವೇರಿಗಿಂತ ಹೆಚ್ಚು ದಿನಗಳನ್ನು ಉಳಿಸುತ್ತದೆ.

ಕನ್ನಡದ ಕೆಲಸಕ್ಕೆ ಅಂಟಿದ ಪ್ರತ್ಯೇಕ ಕಾಟವೊಂದಿದೆ, ಅದು ಫಾಂಟಿನದು. ಟೈಟಲ್ ಕಾರ್ಡುಗಳನ್ನು ನುಡಿ, ಶ್ರೀಲಿಪಿಯಂಥ ಹಳೆಯ ಸಂಕೇತವ್ಯವಸ್ಥೆಯ ಫಾಂಟುಗಳಲ್ಲಿ ಮಾಡುವ ರೂಢಿ ಇನ್ನೂ ಹೋಗಿಲ್ಲ. ಅವುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಮೈಸೂರಿನಲ್ಲಿ ಸರಿಯಾಗಿ ಕಂಡ ಹೆಸರು ಆ ಫಾಂಟ್ ಇಲ್ಲದ ಹೈದರಾಬಾದಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಯುನಿಕೋಡಿನಲ್ಲಿ ಬರೆದರೆ ಈ ತೊಂದರೆ ನೀಗುತ್ತದೆ, ಆದರೆ ಅಲ್ಲೂ ಒಂದು ಬಲೆ ಇದೆ: ಕೆಲವು ಸಂಕಲನ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಬೇರೆಯಾಗಿ ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಒಡೆದು, ಅರ್ಕಾವತ್ತು ಎಲ್ಲೋ ಜಾರಿರುತ್ತದೆ. ಟೈಟಲ್ ಬದಲಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅದನ್ನು ಪಾರದರ್ಶಕ ಹಿನ್ನೆಲೆಯ ಚಿತ್ರವಾಗಿ ಕಳಿಸುವುದು ನಿಶ್ಚಿಂತೆ. ಸಬ್‌ಟೈಟಲನ್ನು ಯುಟಿಎಫ್-8ರಲ್ಲಿ ಉಳಿಸಿದ ಎಸ್‌ಆರ್‌ಟಿ ಕಡತವಾಗಿಯೇ ಬೇರೆ ಇಡಬೇಕು.

ಇನ್ನು ತಿದ್ದುಪಡಿ. ಸಂಕಲನದ ಒಂದು ಸುತ್ತು ಮುಗಿದಾಗ ನಿರ್ದೇಶಕ, ನಿರ್ಮಾಪಕ, ಛಾಯಾಗ್ರಾಹಕ, ಕೆಲವೊಮ್ಮೆ ನಿರ್ಮಾಪಕರ ಭಾವಮೈದುನ ಕೂಡ ನೋಡಿ ಅಭಿಪ್ರಾಯ ಹೇಳುತ್ತಾರೆ. ರೂಢಿಯ ದಾರಿ ವಾಟ್ಸ್‌ಆ್ಯಪ್. ಅದರಲ್ಲಿ ವಿಡಿಯೊ ಕುಗ್ಗಿ ಹೋಗುವುದರಿಂದ ಬಣ್ಣ, ಸ್ಪಷ್ಟತೆಯ ಬಗ್ಗೆ ಹೇಳುವ ಮಾತಿಗೆ ಆಧಾರವಿರುವುದಿಲ್ಲ. ‘ಆ ಅಜ್ಜಿ ನಗೋ ಶಾಟ್ ಸ್ವಲ್ಪ ಜಾಸ್ತಿ ಆಯ್ತು’ ಎಂಬ ಧ್ವನಿಸಂದೇಶ ಕೇಳಿ, ಅಜ್ಜಿ ನಗುವ ನಾಲ್ಕು ಶಾಟುಗಳಲ್ಲಿ ಯಾವುದೆಂದು ಹುಡುಕಬೇಕು. ವಿಡಿಯೊದ ಮೇಲೇ ಟೈಮ್‌ಕೋಡ್ ಅಚ್ಚೊತ್ತಿ ಕಳಿಸಿ, ಪ್ರತಿ ಅಭಿಪ್ರಾಯದ ಮುಂದೆ ಅದನ್ನು ಬರೆಯಲು ಕೇಳಿಕೊಂಡರೆ ಈ ಹುಡುಕಾಟ ಅರ್ಧ ಇಳಿಯುತ್ತದೆ. ಇದಕ್ಕೆಂದೇ ಇರುವ ಫ್ರೇಮ್.ಐಒದಂಥ ತಾಣಗಳಲ್ಲಿ ನೋಡುವವರು ಫ್ರೇಮಿನ ಮೇಲೆಯೇ ಗೀಚಿ ಟಿಪ್ಪಣಿ ಬರೆಯಬಹುದು, ಅದು ಸಂಕಲನಕಾರರ ಟೈಮ್‌ಲೈನಿಗೆ ಗುರುತಾಗಿ ಬಂದು ಕೂರುತ್ತದೆ. 2021ರಲ್ಲಿ ಅಡೋಬಿ ಈ ಕಂಪನಿಯನ್ನು 127.5 ಕೋಟಿ ಡಾಲರಿಗೆ ಕೊಂಡಿತು. ಟಿಪ್ಪಣಿ ಬರೆಯುವ ಪುಸ್ತಕಕ್ಕೆ ಇಷ್ಟು ಬೆಲೆಯೇ ಎಂದು ಯಾರಿಗಾದರೂ ಅನ್ನಿಸಿದರೆ ಅವರು ಧ್ವನಿಸಂದೇಶಗಳನ್ನು ಕೇಳುತ್ತ ಸಂಕಲನ ಮಾಡಿದವರಲ್ಲ.

ತಾಣ ಯಾವುದಾದರೂ, ಎರಡು ಒಪ್ಪಂದಗಳಿಲ್ಲದೆ ಅದು ಉಪಯೋಗಕ್ಕೆ ಬಾರದು. ಎಲ್ಲರ ಅಭಿಪ್ರಾಯಗಳನ್ನೂ ಒಟ್ಟುಮಾಡಿ, ವಿರುದ್ಧವಾದವುಗಳನ್ನು ಬಗೆಹರಿಸಿ ಸಂಕಲನಕಾರರಿಗೆ ತಲುಪಿಸುವವರು ಒಬ್ಬರೇ ಇರಬೇಕು. ಆವೃತ್ತಿಗಳಿಗೆ ಅಂಕಿಯ ಹೆಸರೇ ಇರಬೇಕು. ‘ಫೈನಲ್’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’ ಎಂಬ ಮೂರು ಫೈಲುಗಳ ನಡುವೆ ಡಬ್ಬಿಂಗಿಗೆ ತಪ್ಪು ಫೈಲ್ ಹೋಗುವುದು ಈ ಕಸುಬಿನಲ್ಲಿ ಮಾಮೂಲು. ಒಂದೇ ಪ್ರಾಜೆಕ್ಟಿನಲ್ಲಿ ಇಬ್ಬರು ಸಂಕಲನಕಾರರು ಕೂತಾಗ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು ಬೀಳದಂತೆ ಬೀಗ ಹಾಕುವ ವ್ಯವಸ್ಥೆ ಅವಿಡ್ ಸಂಕಲನ ತಂತ್ರಾಂಶದಲ್ಲಿ ಹಿಂದಿನಿಂದ ಇದೆ. 2022ರಲ್ಲಿ ರಿಸಾಲ್ವ್ 18 ಬಂದಾಗ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಪ್ರಾಜೆಕ್ಟನ್ನು ಕ್ಲೌಡಿನಲ್ಲಿಟ್ಟು ಬೇರೆ ಬೇರೆ ಊರಿನವರು ಏಕಕಾಲಕ್ಕೆ ತೆರೆಯುವ ಸೌಲಭ್ಯ ಕೊಟ್ಟಿತು. ಅಲ್ಲೂ ಕ್ಲೌಡಿಗೆ ಮುಖ್ಯವಾಗಿ ಏರುವುದು ನಿರ್ಧಾರಗಳು ಮತ್ತು ಪ್ರಾಕ್ಸಿ, ಮೂಲ ಅದರ ಮನೆಯಲ್ಲೇ ಉಳಿಯಬಹುದು.

ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ಸಂಕಲನ ಇನ್ನು ಬದಲಾಗದೆಂದು ಖಾತ್ರಿಯಾದ ಮೇಲೆ, ಚಿತ್ರ ಹಲವು ಕೈಗಳಿಗೆ ಒಟ್ಟಿಗೆ ಹೋಗುತ್ತದೆ. ಕೆಜಿಎಫ್ ಚಿತ್ರಗಳ ಸಂಗೀತ ನಿರ್ದೇಶಕ ರವಿ ಬಸ್ರೂರು ತಮ್ಮ ಹುಟ್ಟೂರಾದ ಕುಂದಾಪುರ ತಾಲ್ಲೂಕಿನ ಬಸ್ರೂರಿನಲ್ಲೇ ಸ್ಟುಡಿಯೊ ಕಟ್ಟಿಕೊಂಡಿದ್ದಾರೆ. ಅಂಥ ದೂರದ ಸ್ಟುಡಿಯೊಗೆ ಬೇಕಾದದ್ದು ಟೈಮ್‌ಕೋಡ್ ಅಚ್ಚಾದ ಹಗುರ ವಿಡಿಯೊ ಮತ್ತು ಸಂಭಾಷಣೆಯ ಟ್ರ್ಯಾಕುಗಳನ್ನು ಬಿಡಿಬಿಡಿಯಾಗಿ ಕಟ್ಟಿದ ಎಎಎಫ್ ಫೈಲ್. ವಾಪಸ್ ಬರುವುದು ಶಬ್ದ ಮಾತ್ರ. ಅದು ಚಿತ್ರಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ತಿಳಿಯಲು ಚಿತ್ರ ಶುರುವಾಗುವ ಸರಿಯಾಗಿ ಎರಡು ಸೆಕೆಂಡು ಮೊದಲು ಒಂದು ಫ್ರೇಮಿನಷ್ಟು ‘ಬೀಪ್’ ಇಡುವುದು ಫಿಲ್ಮಿನ ಕಾಲದಿಂದ ಬಂದ ರೂಢಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಗಸ್ತ ಉಪಾಯ ಈವರೆಗೆ ಬಂದಿಲ್ಲ.

ಫ್ರೇಮ್ ದರ ಎಡವಿದರೆ ಆ ಬೀಪೂ ಕಾಪಾಡದು. ಸಿನಿಮಾಕ್ಕೆ 24, ಭಾರತದ ಟಿವಿಗೆ 25, ಕ್ಯಾಮೆರಾ ಮತ್ತು ತಂತ್ರಾಂಶಗಳ ಪಟ್ಟಿಯಲ್ಲಿ 24ರ ಪಕ್ಕದಲ್ಲೇ ಕೂತಿರುವ 23.976. 24ಕ್ಕೂ 23.976ಕ್ಕೂ ಇರುವ ಅಂತರ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಒಂದು ಗಂಟೆಗೆ 3.6 ಸೆಕೆಂಡು ಜಾರುತ್ತದೆ. 24ರ ಚಿತ್ರವನ್ನು 25ರಲ್ಲಿ ಓಡಿಸಿದರೆ ಗಂಟೆಯ ಚಿತ್ರ 57 ನಿಮಿಷ 36 ಸೆಕೆಂಡಿಗೇ ಮುಗಿಯುತ್ತದೆ. ಮೊಬೈಲ್ ಫೋನುಗಳು ಬೆಳಕಿಗೆ ತಕ್ಕಂತೆ ದರವನ್ನೇ ಬದಲಿಸುತ್ತಿರುತ್ತವೆ. ಮದುವೆ ವಿಡಿಯೊಗಳಲ್ಲಿ ನೆಂಟರ ಫೋನಿನ ತುಣುಕು ಸೇರಿಸಿದಾಗ ಪುರೋಹಿತರ ತುಟಿಗೂ ಮಂತ್ರಕ್ಕೂ ಬರಬರುತ್ತ ತಾಳ ತಪ್ಪುವುದು ಇದರಿಂದಲೇ. ಅಂಥ ತುಣುಕುಗಳನ್ನು ಮೊದಲು ಸ್ಥಿರ ದರಕ್ಕೆ ಪರಿವರ್ತಿಸಿ ಆಮೇಲೆ ಟೈಮ್‌ಲೈನಿಗೆ ತರಬೇಕು.

ಬಣ್ಣದ ಕೆಲಸವೊಂದು ಮಾತ್ರ ದೂರದ ವ್ಯವಸ್ಥೆಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಮೂಲ ಫೂಟೇಜೇ ಬೇಕು, ಎರಡೂ ಕಡೆಯ ಮಾನಿಟರ್ ಒಂದೇ ಅಳತೆಗೆ ಹೊಂದಿಸಿರಬೇಕು. ನಿರ್ದೇಶಕರು ಫೋನಿನಲ್ಲಿ ನೋಡಿ ಅರಮನೆಯ ದೀಪ ಹಳದಿಯಾಯಿತೆಂದರೆ ಅದು ಫೋನಿನ ಬಣ್ಣವೋ ಚಿತ್ರದ್ದೋ ಹೇಳಲಾಗದು. ಡಿಐಗೆ ಡಿಸ್ಕಿನ ಜೊತೆ ಮನುಷ್ಯರೂ ಬೆಂಗಳೂರಿಗೆ ಹೋಗಿ ಬರುವುದೇ ಈಗಲೂ ಲೇಸು. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಅದು ಒಂದು ದಿನದ ಕೆಲಸ.

ಸೋರಿಕೆಯ ಭಯ ದೂರದ ಕೆಲಸದ ಜೊತೆಗೇ ಬರುತ್ತದೆ. ನೋಡುವವರ ಹೆಸರನ್ನೇ ಚಿತ್ರದ ಮೇಲೆ ಅಚ್ಚೊತ್ತುವುದು, ಲಿಂಕುಗಳಿಗೆ ಅವಧಿ ಇಡುವುದು, ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ತೆಗೆಯುವುದು ಇದಕ್ಕೆ ಸಾಮಾನ್ಯ ಕಾವಲು. ಸಣ್ಣ ತಂಡಗಳು ಬಾಡಿಗೆಯ ಲೆಕ್ಕವನ್ನೂ ನೋಡಬೇಕು. ಕ್ಲೌಡಿನಲ್ಲಿ ಇಡುವುದಕ್ಕೆ ತಿಂಗಳ ಬಾಡಿಗೆ, ಕೆಲವೆಡೆ ವಾಪಸ್ ಇಳಿಸಿಕೊಳ್ಳುವುದಕ್ಕೂ ಬೇರೆ ಶುಲ್ಕ. ಕೆಲಸ ನಡೆಯುವಷ್ಟು ದಿನ ಪ್ರಾಕ್ಸಿಗೆ ಬಾಡಿಗೆ ಕೊಡುವುದು ನ್ಯಾಯ, ಮುಗಿದ ಚಿತ್ರದ ಟೆರಾಬೈಟುಗಳಿಗೆ ವರ್ಷಗಟ್ಟಲೆ ಕೊಡುವುದು ದಂಡ.

ಕೊನೆಯ ಹಂತ ಎತ್ತಿಡುವುದು. ಮೂಲ ಫೂಟೇಜ್, ಅಂತಿಮ ಪ್ರಾಜೆಕ್ಟ್ ಫೈಲ್, ಬಳಸಿದ ಫಾಂಟುಗಳು, ಶಬ್ದದ ಬಿಡಿ ಟ್ರ್ಯಾಕುಗಳು, ಟೈಟಲ್ ಇಲ್ಲದ ಶುದ್ಧ ಪ್ರತಿ ಮತ್ತು ಯಾವುದು ಎಲ್ಲಿದೆಯೆಂಬ ಒಂದು ಪುಟದ ಪಟ್ಟಿ, ಇಷ್ಟೂ ಒಟ್ಟಿಗೆ ಇರಬೇಕು. ದೊಡ್ಡ ಸಂಸ್ಥೆಗಳು ಇದಕ್ಕೆ ಎಲ್‌ಟಿಒ ಟೇಪ್ ಬಳಸುತ್ತವೆ. ಅದನ್ನು ಓದುವ ಯಂತ್ರಕ್ಕೆ ಲಕ್ಷಗಳಾಗುವುದರಿಂದ ಉಳಿದವರಿಗೆ ಎರಡು ಹಾರ್ಡ್ ಡಿಸ್ಕುಗಳೇ ಗತಿ. ಕಪಾಟಿನಲ್ಲಿ ಸುಮ್ಮನೆ ಕೂತ ಡಿಸ್ಕೂ ಕೆಡುತ್ತದೆ. ಕೆಲವು ತಿಂಗಳಿಗೊಮ್ಮೆ ಚಾಲೂ ಮಾಡಿ, ಇಳಿಸಿದ ದಿನ ಬರೆದಿಟ್ಟ ಚೆಕ್‌ಸಮ್ಮಿಗೆ ಫೈಲುಗಳು ಈಗಲೂ ಹೊಂದುತ್ತವೆಯೇ ಎಂದು ನೋಡಬೇಕು, ಹೊಂದದ ದಿನ ಎರಡನೆಯ ಡಿಸ್ಕಿನಿಂದ ಹೊಸದೊಂದಕ್ಕೆ ಇಳಿಸಿಕೊಳ್ಳಬೇಕು.